ಮೂರು ಗ್ಲೌಸಿನ ಆಟಗಾರ

ಬೇಸ್‌ಬಾಲ್‌ನಲ್ಲಿ ‘ಯುಟಿಲಿಟಿ ಆಟಗಾರ’ ಅನ್ನಿಸಿಕೊಳ್ಳುವುದು ಬಹುಕಾಲ ಮರ್ಯಾದೆಯ ಮಾತಾಗಿರಲಿಲ್ಲ. ಕಾಯಂ ಆಟಗಾರ ಗಾಯಗೊಂಡರೆ ಕರೆ, ಉಳಿದ ದಿನ ಬೆಂಚು. ಈ ಲೆಕ್ಕವನ್ನು ತಲೆಕೆಳಗು ಮಾಡಿದವರಲ್ಲಿ ಬೆನ್ ಜೋಬ್ರಿಸ್ಟ್ ಮೊದಲ ಸಾಲಿನವರು ಅನ್ನುವುದು ನನ್ನ ವಾದ. ಇಲಿನಾಯ್ ರಾಜ್ಯದ ಯುರೇಕಾ ಎಂಬ ಪುಟ್ಟ ಊರಿನ ಪಾದ್ರಿಯ ಮಗ ಇವರು. 2006ರಲ್ಲಿ ಟ್ಯಾಂಪಾ ಬೇ ತಂಡಕ್ಕೆ ಶಾರ್ಟ್‌ಸ್ಟಾಪ್ ಆಗಿ ಬಂದರು, ಆದರೆ ಆ ಜಾಗದಲ್ಲಿ ಬೇರೂರಲಿಲ್ಲ. 2009ರಲ್ಲಿ ಮ್ಯಾನೇಜರ್ ಜೋ ಮ್ಯಾಡನ್ ಅವರನ್ನು ಪಿಚರ್, ಕ್ಯಾಚರ್ ಬಿಟ್ಟು ಮಿಕ್ಕ ಏಳೂ ಜಾಗಗಳಲ್ಲಿ ಆಡಿಸಿದರು. ಜಾಗ ಬದಲಾದರೆ ಗ್ಲೌಸೂ ಬದಲಾಗುತ್ತದೆ. ಸೆಕೆಂಡ್ ಬೇಸ್‌ನವನದು ಚಿಕ್ಕದು, ಆಳ ಕಡಿಮೆ. ಚೆಂಡು ಬಿದ್ದ ಕ್ಷಣಕ್ಕೆ ಇನ್ನೊಂದು ಕೈಗೆ ಸಿಗಬೇಕು, ಹೆಜ್ಜೆ ತಿರುಗಿಸುತ್ತಲೇ ಚಿಮ್ಮಿಸಬೇಕು. ರೈಟ್ ಫೀಲ್ಡ್‌ನವನದು ಉದ್ದ ಬೆರಳಿನ, ಬೋಗುಣಿಯಂಥದು. ಅಲ್ಲಿ ಓಡಿ ಹಿಡಿದು ತೋಳು ಪೂರ್ತಿ ಬೀಸಿ ಎಸೆಯಬೇಕು. ಫಸ್ಟ್ ಬೇಸ್‌ಗೆ ಬೆರಳೇ ಬಿಡಿಸದ ಮಿಟ್. ಇಷ್ಟನ್ನೂ ಬದಲಿಸುತ್ತ ಆ ವರ್ಷ ಅವರು ಹೊಡೆದದ್ದು 27 ಹೋಮ್ ರನ್. ನೂರು ಸಲ ಬ್ಯಾಟಿಗೆ ಬಂದರೆ ಸುಮಾರು ನಲವತ್ತು ಸಲ ಬೇಸ್ ಮುಟ್ಟುವ ಲೆಕ್ಕ.

ಹಾಗಾದರೆ ಬೆಲೆ ಬ್ಯಾಟಿನದೇ ಹೊರತು ಬಹುಮುಖತೆಯದಲ್ಲ ಅನ್ನುವವರಿದ್ದಾರೆ. ಅವರು ತೋರಿಸುವ ಸಾಕ್ಷಿ 2016ರ ವರ್ಲ್ಡ್ ಸೀರೀಸ್; ಆಗ ಜೋಬ್ರಿಸ್ಟ್ ಶಿಕಾಗೊ ಕಬ್ಸ್ ತಂಡದಲ್ಲಿದ್ದರು. ಕ್ಲೀವ್‌ಲ್ಯಾಂಡ್‌ನಲ್ಲಿ ಏಳನೇ ಪಂದ್ಯ ಸಮವಾಗಿ, ಮಳೆಗೆ 17 ನಿಮಿಷ ನಿಂತು, ಹತ್ತನೇ ಇನ್ನಿಂಗ್ಸ್ ಶುರುವಾಯಿತು. ಎದುರಾಳಿಗಳು ಕಬ್ಸ್‌ನ ರಿಜ್ಜೊಗೆ ಬೇಕೆಂದೇ ವಾಕ್ (ಹೊಡೆಯದೆಯೇ ಸಿಗುವ ಫಸ್ಟ್ ಬೇಸ್) ಕೊಟ್ಟು ಜೋಬ್ರಿಸ್ಟ್‌ರನ್ನು ಎದುರಿಸಲು ಹೊರಟರು. ಎಡಗೈ ನಿಲುವಿನಿಂದ ಅವರು ಬಾರಿಸಿದ ಚೆಂಡು ಥರ್ಡ್ ಬೇಸ್ ದಾಟಿ ಲೆಫ್ಟ್ ಫೀಲ್ಡ್ ಗೆರೆಯಗುಂಟ ಉರುಳಿತು. ಶಿಕಾಗೊ ಕಬ್ಸ್ 108 ವರ್ಷಗಳ ಬಳಿಕ ಗೆದ್ದಿತು, ಸರಣಿಶ್ರೇಷ್ಠ ಇವರೇ ಆದರು. ಆ ಹೊಡೆತ ಬ್ಯಾಟಿನದೇ, ಒಪ್ಪೋಣ. ಆದರೆ ಆ ಬ್ಯಾಟು ಅಂದು ಮೈದಾನದಲ್ಲಿದ್ದದ್ದು ಹೇಗೆ? ಸೆಕೆಂಡ್ ಬೇಸ್‌ನಲ್ಲಿ ಚುರುಕು ಕೈಯ ಹಾವಿಯೆರ್ ಬಾಯೆಜ್ ಇದ್ದರು. ಜೋಬ್ರಿಸ್ಟ್ ಬರೀ ಸೆಕೆಂಡ್ ಬೇಸ್ ಬಲ್ಲವರಾಗಿದ್ದರೆ ಇಬ್ಬರಲ್ಲೊಬ್ಬರು ಹೊರಗೆ. ಅವರು ಲೆಫ್ಟ್ ಫೀಲ್ಡ್‌ಗೆ ಸರಿದರು, ತಂಡಕ್ಕೆ ಇಬ್ಬರೂ ಸಿಕ್ಕರು. ಸ್ಕೋರ್‌ಕಾರ್ಡಿನಲ್ಲಿ ಇದಕ್ಕೊಂದು ಕಾಲಂ ಇಲ್ಲ ಅಷ್ಟೇ.

ಗಾಯಕಿ ಪತ್ನಿ ಜೂಲಿಯಾನಾ ಹಾಡಿದ ಹಾಡನ್ನೇ ಮೊಳಗಿಸಿಕೊಂಡು ಬ್ಯಾಟಿಗೆ ನಡೆದು ಬರುತ್ತಿದ್ದವರು ಇವರು. 2019ರ ಮೇ ತಿಂಗಳಲ್ಲಿ ಅದೇ ದಾಂಪತ್ಯ ಕೋರ್ಟಿನ ಮೆಟ್ಟಿಲೇರಿದಾಗ, ಮೂರು ಮಕ್ಕಳ ತಂದೆ ಆಟ ಬಿಟ್ಟು ಮನೆಗೆ ಹೋದರು. 4 ವರ್ಷಕ್ಕೆ 5.6 ಕೋಟಿ ಡಾಲರ್‌ನ ಒಪ್ಪಂದದ ಕೊನೆಯ ವರ್ಷ. ರಜೆಯ ತಿಂಗಳುಗಳಿಗೆ ಸಂಬಳವಿಲ್ಲ. ಪ್ಲೇಆಫ್ ತಪ್ಪಿದ ತಂಡವನ್ನು ನಡುನೀರಿನಲ್ಲಿ ಬಿಟ್ಟರೆಂದು ದೂರುವುದು ಸುಲಭ. ಅವರನ್ನು ಹತ್ತು ವರ್ಷ ‘ಯಾರ ಬದಲಿಗೂ ಆದೀತು’ ಎಂದು ಕಂಡ ಆಟದ ಬಾಯಲ್ಲಿ ಆ ದೂರು ಮಾತ್ರ ಒಪ್ಪುವುದಿಲ್ಲ. ಸೆಪ್ಟೆಂಬರಿನಲ್ಲಿ ಮರಳಿದರು. ಋತುವಿನ ಕೊನೆಯಲ್ಲಿ, ಸೇಂಟ್ ಲೂಯಿಸ್ ಎದುರು ಅವರ ಕೈಗೆ ಚೆಂಡು ಕೊಟ್ಟು ಪಿಚಿಂಗ್‌ಗೂ ನಿಲ್ಲಿಸಿದರು: ಒಂದು ಇನ್ನಿಂಗ್ಸ್, ಸೊನ್ನೆ ರನ್. ಬಾಕಿ ಉಳಿದದ್ದು ಕ್ಯಾಚರ್‌ನ ಮುಖವಾಡವೊಂದೇ.