ಮೂರ್ಖತನದ ಅಳತೆಗೋಲು: ಚಿಪೊಲ್ಲಾ ಅವರ ಪ್ರಬಂಧವನ್ನು ಕುರಿತು

ಇಟಲಿಯ ಆರ್ಥಿಕ ಇತಿಹಾಸಕಾರರಾದ ಕಾರ್ಲೊ ಚಿಪೊಲ್ಲಾ (1922–2000) ಅವರು ಮನುಷ್ಯನ ಮೂರ್ಖತನದ ಮೂಲನಿಯಮಗಳನ್ನು ಕುರಿತು 1976ರಲ್ಲಿ ಇಂಗ್ಲಿಷಿನಲ್ಲಿ ಬರೆದ ಕಿರುಪ್ರಬಂಧವು 1988ರಲ್ಲಿ ಇಟಾಲಿಯನ್ ಭಾಷೆಯಲ್ಲಿ ಪುಸ್ತಕದೊಳಗೆ ಸೇರಿ ಪ್ರಕಟವಾಯಿತು. ವಿನೋದಕ್ಕೆಂದು ಹುಟ್ಟಿದ ಬರಹವಾದರೂ ಅದರ ವರ್ಗೀಕರಣವನ್ನು ನಾವು ಹಾಗೆಯೇ ತಳ್ಳಿಹಾಕಲಾರೆವು. ತನಗೆ ಲಾಭವಿಲ್ಲದೆ, ಕೆಲವೊಮ್ಮೆ ತಾನೂ ನಷ್ಟಪಟ್ಟು, ಪರರಿಗೆ ಹಾನಿ ಮಾಡುವವನು ಮೂರ್ಖ. ಪರರನ್ನು ಕೆಡಿಸಿ ಗಳಿಸುವವನು ಡಕಾಯಿತ. ಪರರಿಗೆ ಗಳಿಸಿಕೊಟ್ಟು ತಾನು ಕೆಡುವವನು ಅಸಹಾಯಕ. ಇಬ್ಬರಿಗೂ ಲಾಭ ತರುವವನು ಜಾಣ. ವಿದ್ಯೆಯಾಗಲಿ ಪದವಿಯಾಗಲಿ ಮೂರ್ಖತನವನ್ನು ತಡೆಯದೆಂಬ ಎರಡನೆಯ ನಿಯಮದಲ್ಲಿ ಪ್ರಾಧ್ಯಾಪಕರನ್ನೂ ಸೇರಿಸಿರುವುದು ನಮ್ಮ ವೃತ್ತಿಬಾಂಧವರಿಗೆ ಅಷ್ಟಾಗಿ ರುಚಿಸಲಾರದು.

ಈ ಅಳತೆಗೋಲು ಚರಿತ್ರೆಯಲ್ಲಿ ಎಷ್ಟು ದೂರ ಸಾಗುತ್ತದೆ? ಅವಿವೇಕದ ಆಡಳಿತವನ್ನು ಕನ್ನಡಿಗರು ಇಂದಿಗೂ ‘ತುಘಲಕ್ ದರ್ಬಾರು’ ಎನ್ನುತ್ತಾರಷ್ಟೆ. ಆ ಮಹಮ್ಮದ್ ಬಿನ್ ತುಘಲಕನು ತರ್ಕ, ತತ್ತ್ವಶಾಸ್ತ್ರಗಳನ್ನು ಬಲ್ಲ ಪಂಡಿತ. 1329–30ರ ಸುಮಾರಿಗೆ ಅವನು ಬೆಳ್ಳಿಯ ಟಂಕಕ್ಕೆ ಸಮನಾಗಿ ನಡೆಯಬೇಕೆಂದು ತಾಮ್ರ ಹಿತ್ತಾಳೆಗಳ ನಾಣ್ಯಗಳನ್ನು ಹೊರಡಿಸಿದನು. ಚೀನದಲ್ಲಿ ಕಾಗದದ ಹಣವು ಅದಕ್ಕೂ ಹಿಂದೆಯೇ ಚಲಾವಣೆಗೆ ಬಂದಿದ್ದುದರಿಂದ ಈ ಕಲ್ಪನೆಯನ್ನು ಹುಚ್ಚೆನ್ನುವಂತಿಲ್ಲ. ಕೊರತೆಯಿದ್ದುದು ಬೇರೆಡೆ. ಸುಲ್ತಾನನಿಗೆ ವಿಧೇಯರಾಗಿರಬೇಕೆಂಬ ಬರಹ ನಾಣ್ಯದ ಮೇಲಿತ್ತು. ಖೋಟಾ ನಾಣ್ಯವನ್ನು ಬೇರ್ಪಡಿಸಬಲ್ಲ ಗುರುತು ಇರಲಿಲ್ಲ. ಹಿಂದೂಗಳ ಮನೆಗಳೆಲ್ಲ ಟಂಕಸಾಲೆಗಳಾದವೆಂದು ಸಮಕಾಲೀನನಾದ ಬರನಿ ದೂರುತ್ತಾನೆ. ಖೋಟಾತನಕ್ಕೆ ಒಂದೇ ಮತವಿತ್ತೆಂದು ನಾವು ನಂಬಲಾರೆವು. ಜನರು ಕಂದಾಯವನ್ನು ತಾಮ್ರದಲ್ಲಿ ಸಲ್ಲಿಸಿ ಬೆಳ್ಳಿಯನ್ನು ಬಚ್ಚಿಟ್ಟರು. ಕೆಲವೇ ವರ್ಷಗಳಲ್ಲಿ ಸುಲ್ತಾನನು ಆಜ್ಞೆಯನ್ನು ಹಿಂದೆಗೆದುಕೊಂಡು, ಮರಳಿ ಬಂದ ನಾಣ್ಯಗಳಿಗೆ ಬೊಕ್ಕಸದಿಂದ ಚಿನ್ನ ಬೆಳ್ಳಿಗಳನ್ನು ತೆತ್ತನು. ಬೇಡವಾದ ತಾಮ್ರವು ತುಘಲಕಾಬಾದಿನಲ್ಲಿ ಗುಡ್ಡೆಬಿದ್ದಿತು.

ಚಿಪೊಲ್ಲಾ ಅವರ ವರ್ಗಗಳಲ್ಲಿ ಇವನ ಸ್ಥಾನವೆಲ್ಲಿ? ಖೋಟಾ ನಾಣ್ಯ ಮಾಡಿ ಬೆಳ್ಳಿ ಪಡೆದವನ ಲೆಕ್ಕದಲ್ಲಿ ಇವನು ಅಸಹಾಯಕ. ವ್ಯಾಪಾರ ಕುಸಿದು ಕೈಸುಟ್ಟುಕೊಂಡ ವರ್ತಕನ ಲೆಕ್ಕದಲ್ಲಿ ಅಪ್ಪಟ ಮೂರ್ಖ. ಒಂದೇ ಆಜ್ಞೆಗೆ ಎರಡು ಹೆಸರು ಬರುವಾಗ, ಮೂರ್ಖತನವು ಕೂದಲಿನ ಬಣ್ಣದಂತೆ ಹುಟ್ಟಿನಿಂದ ಬಂದ ಗುಣವೆಂಬ ಚಿಪೊಲ್ಲಾ ಅವರ ಮಾತು ನಿಲ್ಲುವುದು ಕಷ್ಟ. ವ್ಯಕ್ತಿಯನ್ನು ಮೂರ್ಖನೆಂದು ಕರೆದೊಡನೆ, ತೀರ್ಮಾನವು ತಪ್ಪಿದುದು ಯಾವ ಹಂತದಲ್ಲಿ ಎಂಬ ವಿಚಾರಣೆಯೇ ನಿಂತುಹೋಗುತ್ತದೆ.

ಈ ಆಕ್ಷೇಪಣೆಯಿಂದ ನಾವೂ ಹೊರತಲ್ಲ. ತರಗತಿಯಲ್ಲಿ ‘ಹುಚ್ಚು ಸುಲ್ತಾನ’ ಎಂಬ ಒಂದೇ ಮಾತಿನಲ್ಲಿ ಪಾಠ ಮುಗಿಸಿದ್ದೇವೆ. ವಿದ್ಯಾರ್ಥಿಗಳು ಅದನ್ನೇ ಬರೆದಾಗ ಅಂಕಗಳನ್ನೂ ಕೊಟ್ಟಿದ್ದೇವೆ. ಟಂಕಸಾಲೆಯ ಗುರುತಿನ ವಿಷಯವೆತ್ತಿದ ಉತ್ತರಪತ್ರಿಕೆ ಇದುವರೆಗೆ ನಮ್ಮ ಕೈಗೆ ಬಂದಿಲ್ಲ. ಆ ಪ್ರಶ್ನೆಯನ್ನು ನಾವು ಕೇಳಿಯೂ ಇರಲಿಲ್ಲ.