ನರವೈವಿಧ್ಯ ಮತ್ತು ದಾಂಪತ್ಯ: ಒಂದು ಚಿಕಿತ್ಸಾಕ್ರಮದ ವಿಮರ್ಶೆ

ಗಂಡಹೆಂಡತಿಯರನ್ನು ಒಟ್ಟಿಗೆ ಕೂರಿಸಿಕೊಂಡು ಅವರ ನಡುವಿನ ಸಂಬಂಧವನ್ನೇ ಸರಿಪಡಿಸಲು ಯತ್ನಿಸುವ ದಂಪತಿ ಚಿಕಿತ್ಸೆಯು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರೂಪುಗೊಂಡಾಗ ಒಂದು ಊಹೆಯನ್ನು ಪರೀಕ್ಷಿಸದೆಯೇ ಒಪ್ಪಿಕೊಂಡಿತ್ತು. ಇಬ್ಬರೂ ಲೋಕವನ್ನು ಹೆಚ್ಚುಕಡಿಮೆ ಒಂದೇ ರೀತಿಯಲ್ಲಿ ಗ್ರಹಿಸುತ್ತಾರೆ, ಒಬ್ಬರ ಮುಖಭಾವ, ದನಿಯ ಏರಿಳಿತ, ಮೌನ ಇವುಗಳ ಅರ್ಥ ಇನ್ನೊಬ್ಬರಿಗೆ ತಾನಾಗಿಯೇ ತಿಳಿಯುತ್ತದೆ, ತಿಳಿದೂ ಸ್ಪಂದಿಸದಿದ್ದರೆ ಅದಕ್ಕೆ ಕೋಪವೋ ತಾತ್ಸಾರವೋ ಹಳೆಯ ನೋವೋ ಕಾರಣವಾಗಿರಬೇಕು ಎಂಬುದೇ ಆ ಊಹೆ. ದಂಪತಿಗಳಲ್ಲಿ ಒಬ್ಬರಿಗೆ ಆಟಿಸಂ ಅಥವಾ ಎಡಿಎಚ್‌ಡಿ ಇದ್ದಾಗ ಅದು ಬುಡದಲ್ಲೇ ಕುಸಿಯುತ್ತದೆ. ಸ್ವಲೀನತೆ ಎಂದೂ ಕರೆಯಲಾಗುವ ಆಟಿಸಂ ಉಳ್ಳವರಲ್ಲಿ ಅನೇಕರು ಶಬ್ದ, ಬೆಳಕು, ಸ್ಪರ್ಶಗಳನ್ನು ಬೇರೆಯದೇ ತೀವ್ರತೆಯಲ್ಲಿ ಅನುಭವಿಸುತ್ತಾರೆ. ಆಡದೆ ಉಳಿದ ಮಾತನ್ನು ಊಹಿಸುವುದು ಅವರಿಗೆ ಕಷ್ಟ, ದಿನಚರಿ ತಪ್ಪಿದರೆ ತಳಮಳ. ಗಮನದ ಕೊರತೆ ಮತ್ತು ಅತಿಚಟುವಟಿಕೆಯ ಸ್ಥಿತಿಯಾದ ಎಡಿಎಚ್‌ಡಿಯಲ್ಲಿ ಸಮಯವನ್ನು ಅಂದಾಜಿಸುವುದು, ಕೈಗೆತ್ತಿಕೊಂಡ ಕೆಲಸವನ್ನು ಮುಗಿಸುವುದು, ಬೇಸರದ ಕೆಲಸದಲ್ಲಿ ಮನಸ್ಸು ನಿಲ್ಲಿಸುವುದು ದುಸ್ತರವಾಗುತ್ತದೆ. ಇಂಥವನ್ನು ಕೇವಲ ರೋಗಗಳೆನ್ನದೆ ಮಿದುಳಿನ ಬೆಳವಣಿಗೆಯ ಭಿನ್ನ ರೀತಿಗಳೆಂದು ಕಾಣುವ ನರವೈವಿಧ್ಯದ ದೃಷ್ಟಿ 1990ರ ದಶಕದ ಕೊನೆಯಿಂದ ಬಳಕೆಗೆ ಬಂದಿದ್ದು, ಅದನ್ನು ಆಧರಿಸಿದ ದಂಪತಿ ಚಿಕಿತ್ಸೆಯು ಈಗ ಭಾರತದ ನಗರಗಳಿಗೂ ಕಾಲಿಡುತ್ತಿದೆ. ಮಂಗಳೂರಿನ ಉತ್ತರ ಭಾಗದ ಕೂಳೂರಿನಂಥ ಊರಿನ ಮನೆಗಳಿಗೆ ಇದು ಎಷ್ಟರಮಟ್ಟಿಗೆ ಒದಗುತ್ತದೆ ಎಂಬುದನ್ನು ಪರಿಶೀಲಿಸಬೇಕಾಗಿದೆ.

ಹಳೆಯ ಕ್ರಮಗಳ ದೋಷ ಎಲ್ಲಿದೆಯೆಂಬುದು ಅವುಗಳಲ್ಲೇ ಅತ್ಯಂತ ಗೌರವ ಪಡೆದ ಎರಡನ್ನು ಹತ್ತಿರದಿಂದ ನೋಡಿದರೆ ತಿಳಿಯುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಅವರು ದಂಪತಿಗಳ ಜಗಳವನ್ನು ಪ್ರಯೋಗಾಲಯದಲ್ಲಿ ದಾಖಲಿಸಿ, ದಾಂಪತ್ಯವನ್ನು ಕೆಡಿಸುವ ನಾಲ್ಕು ನಡವಳಿಕೆಗಳಾಗಿ ವ್ಯಕ್ತಿತ್ವದ ಮೇಲಿನ ಟೀಕೆ, ತಿರಸ್ಕಾರ, ತನ್ನನ್ನೇ ಸಮರ್ಥಿಸಿಕೊಳ್ಳುವುದು ಹಾಗೂ ಮಾತು ನಿಲ್ಲಿಸಿ ಗೋಡೆಯಂತಾಗುವುದು ಇವನ್ನು ಗುರುತಿಸಿದರು. ಆಟಿಸಂ ಉಳ್ಳ ವ್ಯಕ್ತಿಯು ಶಬ್ದ ಮತ್ತು ಭಾವಗಳ ಒತ್ತಡ ಮಿತಿಮೀರಿದಾಗ ಮಾತೇ ಹೊರಡದ ಸ್ಥಿತಿಗೆ ಇಳಿಯುವುದುಂಟು. ಹೊರಗಿನಿಂದ ನೋಡುವವರಿಗೆ ಅದು ಈ ನಾಲ್ಕನೆಯ ನಡವಳಿಕೆಯಂತೆಯೇ ಕಾಣುತ್ತದೆ. ಮೈಮನಗಳು ಉದ್ವಿಗ್ನಗೊಂಡಾಗ ವ್ಯಕ್ತಿ ಹೀಗೆ ಮುಚ್ಚಿಕೊಳ್ಳುತ್ತಾನೆಂಬುದನ್ನು ಗಾಟ್‌ಮನ್ ಕೂಡ ಬಲ್ಲರು, ಆದ್ದರಿಂದಲೇ ಕನಿಷ್ಠ 20 ನಿಮಿಷಗಳ ಬಿಡುವನ್ನು ಸೂಚಿಸುತ್ತಾರೆ. ಆದರೆ ಕೆಲವರಿಗೆ ಚೇತರಿಸಿಕೊಳ್ಳಲು ಗಂಟೆಗಳೇ ಬೇಕಾಗುವಾಗ, ಬಿಡುವು ಮುಗಿದ ಕೂಡಲೇ ಮಾತಿಗೆ ಕರೆಯುವುದು ಎರಡನೆಯ ಆಘಾತವಾಗಿ ಪರಿಣಮಿಸುತ್ತದೆ. 1980ರ ದಶಕದಲ್ಲಿ ಸ್ಯೂ ಜಾನ್ಸನ್ ಮತ್ತು ಲೆಸ್ಲಿ ಗ್ರೀನ್‌ಬರ್ಗ್ ರೂಪಿಸಿದ ಭಾವಕೇಂದ್ರಿತ ಚಿಕಿತ್ಸೆಯದು ಇನ್ನೊಂದು ಬಗೆಯ ತೊಡಕು. ಈ ಕ್ಷಣ ನಿಮಗೆ ಏನನ್ನಿಸುತ್ತಿದೆ ಎಂದು ಮತ್ತೆ ಮತ್ತೆ ಕೇಳುತ್ತ, ಮೇಲುಮೇಲಿನ ಸಿಟ್ಟಿನ ಕೆಳಗಿರುವ ಭಯವನ್ನೋ ಒಂಟಿತನವನ್ನೋ ಹೊರತರುವುದು ಅದರ ಮಾರ್ಗ. ತನ್ನೊಳಗಿನ ಭಾವವನ್ನು ಗುರುತಿಸಿ ಹೆಸರಿಸಲಾಗದ ಅಲೆಕ್ಸಿಥೈಮಿಯ ಎಂಬ ಸ್ಥಿತಿ ಆಟಿಸಂ ಉಳ್ಳವರಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಕಂಡುಬರುತ್ತದೆ. ಅವರ ಪಾಲಿಗೆ ಈ ಪ್ರಶ್ನೆ ಉತ್ತರವೇ ಸಿಗದ ಪರೀಕ್ಷೆ, ಉತ್ತರ ಬಾರದಿದ್ದರೆ ಪಕ್ಕದಲ್ಲಿ ಕುಳಿತ ಸಂಗಾತಿಗೆ ಪ್ರೀತಿಯಿಲ್ಲವೆಂಬುದಕ್ಕೆ ಮತ್ತೊಂದು ಸಾಕ್ಷಿ.

ಹೊಸ ಕ್ರಮದ ದೊಡ್ಡ ಬಲ ಬಂದಿರುವುದು ದೋಷವನ್ನು ಒಬ್ಬರ ತಲೆಗೆ ಕಟ್ಟದ ವಿಚಾರದಿಂದ. ಸ್ವತಃ ಆಟಿಸಂ ಉಳ್ಳ ಬ್ರಿಟಿಷ್ ವಿದ್ವಾಂಸ ಡೇಮಿಯನ್ ಮಿಲ್ಟನ್ 2012ರಲ್ಲಿ ಮಂಡಿಸಿದ ವಾದದಂತೆ, ಆಟಿಸಂ ಉಳ್ಳವರಿಗೆ ಇತರರು ಅರ್ಥವಾಗದಿರುವಷ್ಟೇ ಇತರರಿಗೂ ಅವರು ಅರ್ಥವಾಗುವುದಿಲ್ಲ. ಕೊರತೆಯಿರುವುದು ಇಬ್ಬರ ನಡುವೆ. 2020ರಲ್ಲಿ ಕ್ಯಾಥರೀನ್ ಕ್ರಾಂಪ್ಟನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಇದಕ್ಕೆ ಪುಷ್ಟಿ ಕೊಟ್ಟಿತು. ಒಬ್ಬರಿಂದ ಇನ್ನೊಬ್ಬರಿಗೆ ಕಥೆಯನ್ನು ದಾಟಿಸುವ ಆ ಪ್ರಯೋಗದಲ್ಲಿ ಆಟಿಸಂ ಉಳ್ಳವರೇ ಇದ್ದ ಸಾಲು ಇತರರ ಸಾಲಿನಷ್ಟೇ ವಿವರಗಳನ್ನು ಉಳಿಸಿಕೊಂಡಿತು, ಎರಡೂ ಬಗೆಯವರು ಬೆರೆತ ಸಾಲಿನಲ್ಲಿ ಮಾತ್ರ ವಿವರಗಳು ಬೇಗ ಸೋರಿಹೋದವು. ದಂಪತಿ ಚಿಕಿತ್ಸೆಗೆ ಇದರಿಂದ ಒದಗುವ ದಾರಿ ಸ್ಪಷ್ಟವಾಗಿದೆ. ಊಹೆಗೆ ಬಿಟ್ಟದ್ದನ್ನು ಬಾಯಿಬಿಟ್ಟು ಹೇಳಿ ಒಪ್ಪಂದವಾಗಿಸಬೇಕು, ಆ ಒಪ್ಪಂದವನ್ನು ಬರೆದಿಡಬೇಕು, ಅದು ಇಬ್ಬರಿಗೂ ಬದ್ಧವಾಗಿರಬೇಕು. ಇದಕ್ಕೆ ಪ್ರತಿಯಾಗಿ, ಕಣ್ಣಲ್ಲಿ ಕಣ್ಣಿಟ್ಟು ಮಾತನಾಡುವ ಅಭ್ಯಾಸ, ಮುಖಭಾವ ಗುರುತಿಸುವ ತರಬೇತಿ ಮುಂತಾಗಿ ಒಬ್ಬರನ್ನೇ ತಿದ್ದುವ ಪಾಠಗಳನ್ನು ನರವೈವಿಧ್ಯದ ಹೆಸರಿನಲ್ಲೇ ನೀಡುವ ಚಿಕಿತ್ಸಕರಿದ್ದಾರೆ. ಅದು ಹೆಸರಿಗೂ ಕೆಲಸಕ್ಕೂ ಸಂಬಂಧವಿಲ್ಲದ ಚಿಕಿತ್ಸೆ. ದೊಡ್ಡ ಪ್ರಮಾಣದ ನಿಯಂತ್ರಿತ ಪ್ರಯೋಗಗಳು ಈ ಕ್ಷೇತ್ರದಲ್ಲಿ ಇನ್ನೂ ವಿರಳವಾಗಿರುವುದರಿಂದ ಗೆಲುವಿನ ಭರವಸೆ ಕೊಡುವ ಜಾಹೀರಾತುಗಳನ್ನೂ ನಂಬುವಂತಿಲ್ಲ.

ಬಾಯಿಬಿಟ್ಟು ಹೇಳಿಕೊಳ್ಳುವ ಒಪ್ಪಂದವೆಂದರೆ ಏನೆಂಬುದನ್ನು ಕೂಳೂರಿನ ಒಂದು ಸಂಜೆಯ ಮೇಲಿಟ್ಟು ನೋಡಬಹುದು. ರಾಷ್ಟ್ರೀಯ ಹೆದ್ದಾರಿ 66 ಇಲ್ಲಿ ಫಲ್ಗುಣಿ ನದಿಯನ್ನು ದಾಟುತ್ತದೆ; ಪಣಂಬೂರಿನ ಬಂದರು, ರಸಗೊಬ್ಬರ ಕಾರ್ಖಾನೆ, ಬೈಕಂಪಾಡಿಯ ಕೈಗಾರಿಕೆಗಳಿಗೆ ಹೋಗಿಬರುವ ಲಾರಿ, ಟ್ಯಾಂಕರುಗಳೂ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದ ಕಡೆಯ ಸಿಟಿ ಬಸ್ಸುಗಳೂ ಸೇತುವೆಯ ಬಳಿ ಸಾಲುಗಟ್ಟಿ ಹಾರ್ನ್ ಹಾಕುತ್ತಿರುತ್ತವೆ. ಶಿಫ್ಟ್ ಮುಗಿಸಿ ಆ ಸದ್ದು, ಧೂಳು, ಹೊಗೆಯ ನಡುವೆ ಅರ್ಧ ಗಂಟೆ ಬೈಕಿನಲ್ಲಿ ಸಿಕ್ಕಿಹಾಕಿಕೊಂಡು ಬಂದ, ಆಟಿಸಂ ಉಳ್ಳ ಗಂಡ ಹೆಲ್ಮೆಟ್ ತೆಗೆದವನೇ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಾನೆ. ದಿನವಿಡೀ ಅತ್ತೆಯೊಡನೆಯೂ ಮಗುವಿನೊಡನೆಯೂ ಏಗಿದ ಹೆಂಡತಿಗೆ ಮಾತಿಗೆ ಸಿಗುವ ಏಕೈಕ ಹೊತ್ತು ಅದೇ ಆಗಿರುತ್ತದೆ. ವಾಡಿಕೆಯ ಸಮಾಲೋಚನೆ ಇದನ್ನು ಪ್ರೀತಿ ಬತ್ತಿದ ಲಕ್ಷಣವೆಂದು ಓದುತ್ತದೆ. ನರವೈವಿಧ್ಯವನ್ನು ಬಲ್ಲ ಚಿಕಿತ್ಸಕರಾದರೆ ಮುಚ್ಚಿದ ಬಾಗಿಲಿಗೂ ಪ್ರೀತಿಗೂ ಇರುವ ಗಂಟನ್ನು ಬಿಡಿಸಿ, ಬಂದ ಕೂಡಲೇ ನಲವತ್ತು ನಿಮಿಷದ ನಿಶ್ಶಬ್ದ, ಆಮೇಲೆ ತಪ್ಪದೆ ಮಗುವಿನ ಊಟದ ಹೊಣೆ, ಮಗು ಮಲಗಿದ ಮೇಲೆ ಹೆಂಡತಿಯ ಮಾತಿಗೆ ಮೀಸಲಾದ ಸಮಯ ಎಂದು ಮೂರನ್ನೂ ಜೊತೆಯಾಗಿ ನಿಗದಿಪಡಿಸುತ್ತಾರೆ. ಮೊದಲನೆಯದು ಮಾತ್ರ ಜಾರಿಗೆ ಬಂದು ಉಳಿದೆರಡು ಬಿದ್ದುಹೋದರೆ ಹೆಂಡತಿಯ ಪಾಲಿಗೆ ಚಿಕಿತ್ಸೆಯಿಂದ ಕೆಡುಕೇ ಆದಂತೆ.

ಈ ಅಪಾಯ ಕಲ್ಪಿತವಲ್ಲ. ಸಂಗಾತಿಗೆ ಎಡಿಎಚ್‌ಡಿ ಇದೆಯೆಂದು ತಿಳಿದ ಮೇಲೆ ಕರೆಂಟ್ ಬಿಲ್ಲು, ಶಾಲೆಯ ಫೀಸು, ಗ್ಯಾಸ್ ಬುಕಿಂಗ್, ಔಷಧಿ ಎಲ್ಲವನ್ನೂ ನೆನಪಿಸುವ ಕೆಲಸ ಇನ್ನೊಬ್ಬರ ಹೆಗಲೇರಿ, ದಾಂಪತ್ಯವು ತಾಯಿಮಗುವಿನ ಸಂಬಂಧದಂತಾಗುವುದನ್ನು ಈ ಕ್ಷೇತ್ರದ ಬರಹಗಾರರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಕರಾವಳಿಯ ಮನೆಗಳಲ್ಲಿ ಆ ಇನ್ನೊಬ್ಬರು ಬಹುಪಾಲು ಹೆಂಡತಿಯೇ, ಅನುಸರಿಸಿಕೊಂಡು ಹೋಗಬೇಕು ಎಂಬ ಬುದ್ಧಿವಾದ ಅವಳಿಗೆ ಮೊದಲೇ ಸಿಕ್ಕಿರುತ್ತದೆ. ಹೆಂಡತಿಯೇ ಆಟಿಸಂ ಉಳ್ಳವಳಾದರೆ ಪಾಡು ಇನ್ನೂ ಕಠಿಣ. ಮದುವೆ, ಗೃಹಪ್ರವೇಶ, ಮೆಹೆಂದಿ, ಕುಟುಂಬದ ದೈವದ ನೇಮ ಎಂದು ವರ್ಷವಿಡೀ ಸಾಲಾಗಿ ಬರುವ ಕಾರ್ಯಕ್ರಮಗಳಲ್ಲಿ ನಗುತ್ತ ಎಲ್ಲರನ್ನೂ ಮಾತನಾಡಿಸಬೇಕಾದ ಸೊಸೆ, ಚಿಕ್ಕಂದಿನಿಂದ ಇತರರನ್ನು ನೋಡಿ ಕಲಿತ ನಡವಳಿಕೆಯ ಮುಖವಾಡವನ್ನು ಧರಿಸಿ ದಣಿಯುತ್ತಾಳೆ. ಒಂದು ಸಮಾರಂಭ ತಪ್ಪಿಸಿದರೆ ಅಹಂಕಾರಿ ಎನ್ನಿಸಿಕೊಳ್ಳುತ್ತಾಳೆ. ಆ ದಣಿವನ್ನು ಗಂಡನೊಬ್ಬನಿಗೆ ಮನವರಿಕೆ ಮಾಡಿಸಿದರೆ ಸಾಲದು, ಅತ್ತೆ, ನಾದಿನಿಯರ ಎದುರು ಅವಳ ಪರವಾಗಿ ಅವನು ಮಾತನಾಡುವಂತೆ ಸಿದ್ಧಗೊಳಿಸಬೇಕಾಗುತ್ತದೆ.

ಎರಡು ಕುರ್ಚಿಗಳ ಪಾಶ್ಚಾತ್ಯ ಮಾದರಿ ಸಾಲದೆ ಬರುವುದು ಇಲ್ಲೇ. ಮನೆಯವರನ್ನು ಚಿಕಿತ್ಸೆಯಲ್ಲಿ ಸೇರಿಸುವ ಪರಂಪರೆ ಭಾರತದಲ್ಲಿ ಹಳೆಯದು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಕುಟುಂಬದವರನ್ನು ಆವರಣದ ಡೇರೆಗಳಲ್ಲಿ ಇರಿಸಿಕೊಂಡು ಆರೈಕೆಯಲ್ಲಿ ಪಾಲುಗೊಳಿಸಿದರು. ಬೆಂಗಳೂರಿನ ನಿಮ್ಹಾನ್ಸ್ ಕುಟುಂಬ ಮನೋವೈದ್ಯಕ್ಕೆ ಪ್ರತ್ಯೇಕ ಕೇಂದ್ರವನ್ನೇ ಬೆಳೆಸಿದೆ. 1960ರಲ್ಲಿ ಆರಂಭವಾದ ರೋಶನಿ ನಿಲಯದ ಸಮಾಜಕಾರ್ಯ ಶಿಕ್ಷಣವೂ ಮಂಗಳೂರಿನಲ್ಲಿದೆ. ತುಳು, ಕೊಂಕಣಿ, ಬ್ಯಾರಿ ಮನೆಮಾತಿನವರು ನೋವನ್ನು ಹೇಳಿಕೊಳ್ಳುವ ಮಾತಿನಲ್ಲೇ ಕೇಳಿಸಿಕೊಳ್ಳಬಲ್ಲ ಕಾರ್ಯಕರ್ತರು ಇಲ್ಲಿ ಸಿಗುತ್ತಾರೆಂಬುದು ಸಣ್ಣ ಅನುಕೂಲವಲ್ಲ, ಏಕೆಂದರೆ ಊಹೆಗೆ ಬಿಡದ ಸ್ಪಷ್ಟ ಮಾತೇ ಈ ಚಿಕಿತ್ಸೆಯ ಮುಖ್ಯ ಸಾಧನ.

ರೋಗನಿರ್ಣಯದ ಕಾಗದ ಕಾನೂನಿನ ಎದುರು ಏನಾಗುತ್ತದೆ ಎಂಬುದನ್ನು ಚಿಕಿತ್ಸಕರು ಸಾಕಷ್ಟು ಗಂಭೀರವಾಗಿ ಪರಿಗಣಿಸಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಸ್ಥಿತಿಗಳಲ್ಲಿ ಆಟಿಸಂ ಸೇರಿದೆ, ಎಡಿಎಚ್‌ಡಿ ಸೇರಿಲ್ಲ. ಹೀಗೆ ಒಬ್ಬರಿಗೆ ರಕ್ಷಣೆ ಕೊಡುವ ಅದೇ ಕಾಗದ, 1955ರ ಹಿಂದೂ ವಿವಾಹ ಕಾಯ್ದೆಯು ಮಾನಸಿಕ ಅಸ್ವಸ್ಥತೆಯನ್ನು ವಿಚ್ಛೇದನದ ಕಾರಣಗಳಲ್ಲಿ ಸೇರಿಸಿರುವುದರಿಂದ, ಕೌಟುಂಬಿಕ ನ್ಯಾಯಾಲಯದಲ್ಲಿ ಎದುರಾಳಿಯ ಕೈಯ ಆಯುಧವಾಗಬಹುದು. ಕಥೋಲಿಕ ದಂಪತಿಗಳ ವಿಷಯದಲ್ಲಿ ಚರ್ಚಿನ 1983ರ ಕಾನೂನು ಸಂಹಿತೆಯೂ ಮಾನಸಿಕ ಕಾರಣದ ಅಸಾಮರ್ಥ್ಯವನ್ನು ವಿವಾಹದ ಅಸಿಂಧುತ್ವಕ್ಕೆ ಆಧಾರವಾಗಿ ಒಪ್ಪುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೋಪ್ಯತೆಯ ಹಕ್ಕನ್ನು ಕೊಟ್ಟಿದೆ ನಿಜ. ಆದರೆ ಇಬ್ಬರೂ ಕೂಡಿ ಕುಳಿತ ಕೋಣೆಯ ಟಿಪ್ಪಣಿ ಯಾರದ್ದು, ಮುಂದೆ ಬೇರೆಯಾದರೆ ಅದು ಯಾರಿಗೆ ಸಿಗುತ್ತದೆ ಎಂಬುದನ್ನು ಮೊದಲ ದಿನವೇ ಬರವಣಿಗೆಯಲ್ಲಿ ತಿಳಿಸದ ಚಿಕಿತ್ಸೆ ಎಷ್ಟೇ ಕುಶಲವಾಗಿದ್ದರೂ ಅಪೂರ್ಣ. ಅಷ್ಟೇ ಮುಖ್ಯವಾದುದು ಹಿಂಸೆಯ ಪ್ರಶ್ನೆ. ಸದ್ದು ತಾಳಲಾರದೆ ಕಿವಿ ಮುಚ್ಚಿಕೊಂಡು ಕಿರುಚುವುದಕ್ಕೂ ಹೆಂಡತಿಯ ಮೇಲೆ ಕೈಮಾಡುವುದಕ್ಕೂ ವ್ಯತ್ಯಾಸವಿದೆ. ಎರಡನೆಯದು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ವ್ಯಾಪ್ತಿಗೆ ಬರುವ ವಿಷಯವಾಗಿದ್ದು, ನರವೈವಿಧ್ಯದ ಹೆಸರಿನಲ್ಲಿ ಅದಕ್ಕೆ ವಿನಾಯಿತಿ ಸಲ್ಲದು.

ನಮ್ಮಲ್ಲಿ ರೋಗನಿರ್ಣಯದ ಸಾಧನಗಳೂ ಸೇವೆಗಳೂ ಬಹುಮಟ್ಟಿಗೆ ಮಕ್ಕಳಿಗಾಗಿ ರೂಪುಗೊಂಡವು. ಆದ್ದರಿಂದ ವಯಸ್ಕರಲ್ಲಿ ಹಲವರಿಗೆ ತಮ್ಮ ಸ್ಥಿತಿ ತಿಳಿಯುವುದು ಮಗುವಿನ ತಪಾಸಣೆಯ ಹೊತ್ತಿಗೆ, ಪ್ರಶ್ನಾವಳಿಯ ಸಾಲುಗಳನ್ನು ಓದುತ್ತ ತಂದೆಯೋ ತಾಯಿಯೋ ತನ್ನ ಬಾಲ್ಯವನ್ನೇ ಅಲ್ಲಿ ಗುರುತಿಸಿದಾಗ. ಅದುವರೆಗೆ ನಡೆದ ಜಗಳಗಳನ್ನೆಲ್ಲ ಹೊಸದಾಗಿ ಅರ್ಥಮಾಡಿಕೊಳ್ಳುವ ಆ ಹೊತ್ತಿನಲ್ಲಿ ದಂಪತಿಗಳ ಪ್ರಶ್ನೆಗಳಿಗೆ ಕಿವಿಗೊಡುವವರಿಲ್ಲದೆ, ಮಗುವಿನ ಫೈಲ್ ಹಿಡಿದು ಮನೆಗೆ ಮರಳುವಂತಾಗಬಾರದು. ಮಕ್ಕಳ ತಪಾಸಣೆ ನಡೆಸುವ ಕೇಂದ್ರಗಳು ತಂದೆತಾಯಿಯರನ್ನು ಮಗುವಿಲ್ಲದೆ ಒಮ್ಮೆ ಒಟ್ಟಿಗೆ, ಒಮ್ಮೆ ಪ್ರತ್ಯೇಕವಾಗಿ ಕರೆದು ಮಾತನಾಡಿಸುವ ಪದ್ಧತಿಯನ್ನು ಇಟ್ಟುಕೊಂಡರೆ ದಂಪತಿ ಚಿಕಿತ್ಸೆಗೆ ದುಬಾರಿ ಕ್ಲಿನಿಕ್ಕುಗಳ ಹೊರಗೂ ಒಂದು ಬಾಗಿಲು ತೆರೆಯುತ್ತದೆ. ಪ್ರತ್ಯೇಕ ಭೇಟಿಯಲ್ಲಿ ಮೊದಲು ಕೇಳಬೇಕಾದ್ದು ಮನೆಯಲ್ಲಿ ಭಯವಿದೆಯೇ ಎಂದು, ಆಮೇಲೆ ರಾತ್ರಿ ನಿದ್ದೆ ಎಷ್ಟು, ಯಾವ ಶಿಫ್ಟ್, ಮನೆಯಲ್ಲಿ ಸದ್ದಿಲ್ಲದ ಜಾಗ ಎಲ್ಲಿ, ಯಾವ ಕೆಲಸ ಯಾರ ಪಾಲಿಗೆ ಎಂದು.