ಯಾರ ‘ನಾವು’?

ಸಂಶೋಧನೆಗಾಗಿ ನಾನು ಓದುತ್ತಿರುವ ದಂಪತಿಗಳ ಕರಾವಳಿ ಪ್ರವಾಸ ಕಥನಗಳಲ್ಲಿ ಮರವಂತೆ ಮತ್ತೆ ಮತ್ತೆ ಬರುತ್ತದೆ: ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ರಾಷ್ಟ್ರೀಯ ಹೆದ್ದಾರಿ 66. ‘ನಿಂತೆವು, ನೋಡಿದೆವು, ಮೈಮರೆತೆವು.’ ಈ ‘ಎವು’ ಪ್ರತ್ಯಯದ ಮೇಲೆ ಅನುಮಾನ ಹುಟ್ಟಿದ್ದು ಸಾಣಾಪುರದ ಕೆರೆಯ ದಂಡೆಯಲ್ಲಿ. ಗಂಡನೊಡನೆ ಆನೆಗೊಂದಿಯಿಂದ ಬೈಕಿನಲ್ಲಿ ಬಂದಿದ್ದೆ. ಅವನು ಬಂಡೆಯ ಮೇಲೆ ಕುಳಿತು ಹರಿಗೋಲು ನೋಡುತ್ತಿದ್ದ. ನಾನು ಶೌಚಾಲಯ ಎಲ್ಲಿದೆ, ಕತ್ತಲಾಗಲು ಎಷ್ಟು ಹೊತ್ತಿದೆ ಎಂದು ಲೆಕ್ಕ ಹಾಕುತ್ತಿದ್ದೆ. ರಾತ್ರಿ ಟಿಪ್ಪಣಿಯಲ್ಲಿ ಮಾತ್ರ ‘ಸಂಜೆಯನ್ನು ಸವಿದೆವು’ ಎಂದು ಬರೆದೆ. ಮರುದಿನ ತಿದ್ದಿದೆ: ‘ಅವನು ಸವಿದ, ನಾನು ಕಾದೆ.’ ಪ್ರವಾಸ ಕಥನವನ್ನು ಸ್ಥಳವರ್ಣನೆಯಿಂದಷ್ಟೇ ಅಳೆಯುವ ನಮ್ಮ ವಿಮರ್ಶೆ, ಬಿಡುವು ಯಾರ ಪಾಲಿಗೆ ಎಷ್ಟು ಬಂತು ಎಂದೂ ಕೇಳಬೇಕು.